17 ಬೀಗದ ಕೈ

ನಮ್ಮ ಚರ್ಚಿನ ಬೀಗದ ಕೈಗಳನ್ನು ಒಮ್ಮೆ ಕೂತು ಎಣಿಸಿದ್ದೆ. ಒಟ್ಟು 17. ಮುಂಬಾಗಿಲು, ಪಕ್ಕದ ಬಾಗಿಲು, ಗಂಟೆ ಗೋಪುರ, ಕಾಣಿಕೆ ಡಬ್ಬಿ, ರಿಜಿಸ್ಟರ್ ಇಡುವ ಕಪಾಟು, ಸಂಡೇ ಸ್ಕೂಲಿನ ಕೋಣೆ, ಅಡುಗೆ ಪಾತ್ರೆಗಳ ಗೋಡೌನು. ಮೂರು ಕೈ ಯಾವುದಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ. ನಾನು ವರ್ಗವಾಗಿ ಬಂದ ದಿನ ಹಿಂದಿನ ಸಭಾಪಾಲಕರು, ಅಂದ್ರೆ ನನಗಿಂತ ಮೊದಲಿದ್ದ ಪಾಸ್ಟರು, ಆ ಗೊಂಚಲನ್ನು ನನ್ನ ಕೈಗಿಟ್ಟು "ಜೋಪಾನ" ಅಂದಿದ್ದರು. ಸರಿ, ಜೋಪಾನ ಮಾಡಿದೆ. ಯಾರು ಏನು ಕೇಳಿದರೂ, ಊಟದ ಮಧ್ಯೆಯೂ, ನಾನೇ ಎದ್ದು ಹೋಗಿ ಬೀಗ ತೆಗೆದು, ಅವರ ಕೆಲಸ ಮುಗಿಯುವವರೆಗೆ ಅಲ್ಲೇ ನಿಂತು, ಮತ್ತೆ ಹಾಕಿ ಬರುತ್ತಿದ್ದೆ. ಅದನ್ನೇ ಸೇವೆ ಅಂದುಕೊಂಡಿದ್ದೆ. ಅರ್ಧ ಸೇವೆ, ಇನ್ನರ್ಧ ಅನುಮಾನ ಅಂತ ಆಮೇಲೆ ಗೊತ್ತಾಯಿತು.

ಅದು ಜುಲೈ ತಿಂಗಳು. ಕರಾವಳಿಯ ಮಳೆ ಗೊತ್ತಲ್ಲ. ನಾನು ಮೀಟಿಂಗಿಗೆ ಅಂತ ಮಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ನಮ್ಮ ಚರ್ಚಿನ ಒಬ್ಬ ಅಜ್ಜಿ ತೀರಿಕೊಂಡರು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಚರ್ಚಿನ ಗಂಟೆ ಹೊಡೆಯಬೇಕು. ಅದನ್ನು ಕೇಳಿಯೇ ಊರಿಗೆ ಸುದ್ದಿ. ಗಂಟೆ ಗೋಪುರದ ಕೈ ನನ್ನ ಬ್ಯಾಗಿನಲ್ಲಿ. ಬೆಂಚುಗಳು ಒಳಗೆ, ಚಾಪೆಗಳು ಒಳಗೆ, ಕೈ ಎಲ್ಲಾ ನನ್ನ ಹತ್ತಿರ. ನಾನು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರೂವರೆ. ಜಗಲಿಯಲ್ಲಿ ಜನ ಒದ್ದೆ ಮುದ್ದೆಯಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ. ದಿನಾ ಅಂಗಳ ಗುಡಿಸುವ ಅಕ್ಕ ಮಾತ್ರ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಅಂದರು, "ಇಡೀ ಚರ್ಚನ್ನೇ ಬ್ಯಾಗಿಗೆ ಹಾಕ್ಕೊಂಡು ಹೋದ್ರಲ್ಲ ಪಾಸ್ಟ್ರೇ."

ಅವತ್ತು ಮಣ್ಣು ಕೊಟ್ಟು ಬಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದ ಮೇಲೆ ನಾನೇ ಚರ್ಚಿನಲ್ಲಿ ಎಷ್ಟು ಸಲ ಪ್ರಸಂಗ (ಉಪದೇಶ) ಮಾಡಿಲ್ಲ! ಮೋಶೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಾನೆ. ಅವನ ಮಾವ ಬಂದು, ಹೀಗೆ ಮಾಡಿದರೆ ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅನ್ನುತ್ತಾನೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ನೇಮಿಸು ಅಂತ ಬುದ್ಧಿ ಹೇಳುತ್ತಾನೆ. ಪ್ರಸಂಗದಲ್ಲಿ ನಾನು ಯಾವಾಗಲೂ ಮೋಶೆಯ ಬಳಲಿಕೆಯ ಬಗ್ಗೆಯೇ ಮಾತಾಡುತ್ತಿದ್ದೆ, ಯಾಕಂದ್ರೆ ನಾನೂ ಬಳಲಿದ್ದೆ ಅಲ್ವಾ. ಇಡೀ ದಿನ ಸಾಲಿನಲ್ಲಿ ನಿಂತ ಜನ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಆ ಜಗಲಿ ನೋಡಿದ ಮೇಲೆ ಬಿದ್ದರು.

ಇಲ್ಲಿನ ಹಳೆಯ ಚರ್ಚ್ ಸಭೆಗಳಿಗೆ ಹೀಗೆ ಕೆಲಸ ಹಂಚಿಕೊಳ್ಳುವುದು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರಲ್ಲಿದ್ದ ಜರ್ಮನರನ್ನು ಬ್ರಿಟಿಷರು ಹಿಡಿದು ಕೂಡಿಹಾಕಿದರು, ಆಮೇಲೆ ದೇಶದಿಂದಲೇ ಕಳಿಸಿದರು. ಸಭೆಗಳು ಮುಚ್ಚಲಿಲ್ಲ. ಇಲ್ಲಿನ ಪಾಸ್ಟರುಗಳು, ಉಪದೇಶಿಗಳು, ಹಿರಿಯರು ನಡೆಸಿಕೊಂಡು ಹೋದರು. ನಾನು ಮಂಗಳೂರಿಗೆ ಒಂದು ದಿನ ಹೋದರೆ ಗಂಟೆ ಹೊಡೆಯುವವರಿಲ್ಲ ಅನ್ನುವ ಹಾಗೆ ಮಾಡಿಟ್ಟಿದ್ದು ನಾನೇ.

ಮುಂದಿನ ವಾರ ಗೊಂಚಲು ಬಿಚ್ಚಿದೆ. ಗಂಟೆಯದು, ಪಕ್ಕದ ಬಾಗಿಲಿನದು ಆ ಅಕ್ಕನಿಗೆ. ಸಂಡೇ ಸ್ಕೂಲಿನದು ಟೀಚರುಗಳಿಗೆ. ಹೀಗೇ ಇನ್ನೂ ಕೆಲವು. ಇಲ್ಲಿಯವರೆಗೆ ಸುಲಭ, ಯಾಕಂದ್ರೆ ಇವರೆಲ್ಲ ನನಗೆ ಇಷ್ಟವಾದವರು.

ಗೋಡೌನಿನದು ಮತ್ತು ಬೆಳೆ ಹಬ್ಬದ ಲೆಕ್ಕದ ಪುಸ್ತಕ ಇಡುವ ಜಾಗದ್ದು ಉಳಿಯಿತು. ಬೆಳೆ ಹಬ್ಬ ಅಂದ್ರೆ ಜನ ತಂದ ಫಸಲನ್ನು ಚರ್ಚಿಗಾಗಿ ಏಲಂ ಹಾಕುವ ಹಬ್ಬ. ಬೆಳೆ ಹಬ್ಬದ ಏಲಂ ನೋಡಿದವರಿಗೆ ಗೊತ್ತು, ಒಂದೇ ತೆಂಗಿನಕಾಯಿಯನ್ನು ಒಬ್ಬರು 300ಕ್ಕೆ ಕೊಂಡು ಮತ್ತೆ ಏಲಂಗೆ ಕೊಡುತ್ತಾರೆ, ಇನ್ನೊಬ್ಬರು 500ಕ್ಕೆ ಕೊಂಡು ಅವರೂ ವಾಪಸ್ ಕೊಡುತ್ತಾರೆ, ದುಡ್ಡು ಮಾತ್ರ ಮುಂದಿನ ವಾರ ಅನ್ನುತ್ತಾರೆ, ಬರೆಯುವವನ ತಲೆ ಗಿರ್ ಅನ್ನುತ್ತದೆ. ಈ ಲೆಕ್ಕದ ಬಗ್ಗೆ ಪ್ರತಿ ವರ್ಷ ತಪ್ಪದೆ ಗೊಣಗುವ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಕೊನೆಯ ಬೆಂಚು, ಕಂಬದ ಪಕ್ಕ. ಅವರನ್ನು ಕಂಡರೆ ನಾನು ದಾರಿ ಬದಲಿಸುತ್ತಿದ್ದೆ, ಸುಳ್ಳು ಯಾಕೆ.

ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಮೊದಲ ಸಭೆಯಲ್ಲಿದ್ದ ಗ್ರೀಕ್ ಮಾತಾಡುವವರು ಗೊಣಗುತ್ತಾರೆ, ನಮ್ಮ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ. ಆಗ ಊಟ ಹಂಚುವ ಕೆಲಸಕ್ಕೆ ಆರಿಸಿದ ಏಳು ಜನರ ಹೆಸರು ಓದಿ ನೋಡಿ. ಸ್ತೆಫನ, ಫಿಲಿಪ್ಪ... ಏಳೂ ಗ್ರೀಕ್ ಹೆಸರು. ಗೊಣಗಿದವರ ಕಡೆಯವರ ಕೈಗೇ ಊಟದ ಜವಾಬ್ದಾರಿ ಹೋಗಿರಬೇಕು ಅಂತ ನನಗನಿಸುತ್ತದೆ. ಅದನ್ನು ಓದಿದ ಧೈರ್ಯದಲ್ಲಿ ಹೋಗಿ ಆ ಗೊಣಗುವ ಹಿರಿಯರ ಮುಂದೆ ಎರಡೂ ಬೀಗದ ಕೈ ಇಟ್ಟೆ. ಅವರು ಐದು ನಿಮಿಷ ನನ್ನನ್ನೇ ನೋಡಿದರು. ಏನೋ ಸಿಕ್ಕಿಸುತ್ತಿದ್ದಾನೆ ಅಂದುಕೊಂಡರೋ ಏನೋ.

ಈಗ ನನ್ನ ಹತ್ತಿರ ಇರುವುದು ನಾಲ್ಕು ಕೈ, ಅದರಲ್ಲಿ ಮೂರು ಆ ಗೊತ್ತಿಲ್ಲದವು. ಮೊನ್ನೆ ಮಗಳ ಹುಟ್ಟುಹಬ್ಬಕ್ಕೆ ಪಾಯಸ ಮಾಡಲು ಗೋಡೌನಿನಿಂದ ಪಾತ್ರೆ ಬೇಕಾಯಿತು. ಹಿರಿಯರು ಒಂದು ನೋಟ್ ಬುಕ್ ತೆಗೆದು ನನ್ನಿಂದ ಸಹಿ ಹಾಕಿಸಿಕೊಂಡರು. "ಪಾಸ್ಟರ್, ದೊಡ್ಡ ಪಾತ್ರೆ 1, ಸೌಟು 2." ಭಾನುವಾರ ಆರಾಧನೆ ಮುಗಿದ ತಕ್ಷಣ, ಇನ್ನೂ ಜನ ಕೈ ಕುಲುಕುತ್ತಿರುವಾಗಲೇ, ಕಂಬದ ಪಕ್ಕದಿಂದ ಧ್ವನಿ ಬಂತು.

"ಪಾಸ್ಟ್ರೇ, ಒಂದು ಸೌಟು ಬಂದಿಲ್ಲ."