ಮಕ್ಕಳನ್ನಿಟ್ಟುಕೊಂಡು ಕಥೆ ಹೇಗೆ ಬರೀತೀರಿ ಅಂತ ಕೇಳುವವರಿಗೆ

"ಮನೆ, ಮಕ್ಕಳು, ತೋಟ ಎಲ್ಲ ನೋಡಿಕೊಂಡು ಕಥೆ ಬರೆಯೋಕೆ ಟೈಮ್ ಹೇಗೆ ಸಿಗುತ್ತೆ ನಿಮಗೆ?"

ಮದುವೆಮನೆಯ ಊಟದ ಸಾಲಿನಲ್ಲಿ ಕೇಳುತ್ತಾರೆ, ಶಾಲೆಯ ಗೇಟಿನಲ್ಲಿ ಕೇಳುತ್ತಾರೆ, ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿರುವಾಗಲೂ ಕೇಳುತ್ತಾರೆ. "ಹೇಗೋ ಆಗುತ್ತೆ" ಅಂದು ನಕ್ಕು ಮುಂದೆ ಹೋಗುವುದು ರೂಢಿ. ಆದರೆ ಹೇಗೋ ಆಗುವ ಕೆಲಸವಲ್ಲ ಅದು. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದಿಟ್ಟಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಮೊದಲು ಕೇಳುವವರ ವಿಚಾರ. ನಿಜವಾಗಿ ತಿಳಿಯಬೇಕೆಂದು ಕೇಳುವವರು ಕಡಿಮೆ. ಕೆಲವರಿಗೆ ಇದು "ಪಾಪ, ಮಕ್ಕಳನ್ನು ಯಾರು ನೋಡ್ಕೋತಾರೆ" ಅನ್ನುವುದನ್ನೇ ಸ್ವಲ್ಪ ಮರ್ಯಾದೆಯಾಗಿ ಕೇಳುವ ರೀತಿ. ಅವರಿಗೆ ಉತ್ತರ: ಮಕ್ಕಳಿಗೆ ಅಪ್ಪ ಇದ್ದಾರೆ. ಇನ್ನು ಕೆಲವರು "ನನಗೂ ಟೈಮ್ ಇದ್ದಿದ್ರೆ ಒಂದು ಕಾದಂಬರಿ ಬರೀತಿದ್ದೆ" ಅನ್ನುತ್ತಾರೆ. ಧಾರಾಳವಾಗಿ ಬರೆಯಿರಿ. ಒಂದು ಪುಟಕ್ಕೆ 20 ನಿಮಿಷ ಸಾಕು. ನಿಮ್ಮ ಫೋನಿನಲ್ಲಿ ಸ್ಕ್ರೀನ್ ಟೈಮ್ ತೆರೆದು ನೋಡಿ, ಆಮೇಲೆ ಮಾತಾಡೋಣ.

ಮೂರನೆಯವರು ಕನ್ನಡದ ಮೊದಲ ಕಾಲದ ಕಥೆಗಾರ್ತಿ ಗೌರಮ್ಮನವರನ್ನು ಎಳೆದು ತರುತ್ತಾರೆ. "ಕೊಡಗಿನ ಗೌರಮ್ಮ ಸಂಸಾರ ಮಾಡಿಕೊಂಡೇ ಬರೀಲಿಲ್ವಾ?" ಬರೆದರು. ಸುಂಟಿಕೊಪ್ಪದ ಹತ್ತಿರ ಗುಂಡುಗುಟ್ಟಿ ತೋಟದಲ್ಲಿದ್ದುಕೊಂಡು, ಮಗನನ್ನು ಸಾಕಿಕೊಂಡು ಬರೆದರು. ಅದೂ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಗಂಡನ ಹೆಸರಿಟ್ಟುಕೊಂಡು. 1912ರಲ್ಲಿ ಹುಟ್ಟಿದವರು 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಉಳಿದ ಹೆಂಗಸರ ಬಾಯಿ ಮುಚ್ಚಿಸಲು ಅವರ ಹೆಸರು ಹೇಳುವವರು ಅವರ ಒಂದು ಕಥೆಯನ್ನಾದರೂ ಓದಿದ್ದರೆ ಆ ಹೆಸರನ್ನು ಆ ಕೆಲಸಕ್ಕೆ ಬಳಸುತ್ತಿರಲಿಲ್ಲ.

ಸರಿ, ವಿಷಯಕ್ಕೆ ಬರೋಣ. ಮಗು ಮಡಿಲಲ್ಲಿರುವ ಮೊದಲ ವರ್ಷ ಟೈಮ್ ನಿಜಕ್ಕೂ ಇರುವುದಿಲ್ಲ. ಎಳೆಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ, ತೂಗಿ ಮಲಗಿಸುವಷ್ಟರಲ್ಲಿ ಮುಂದಿನ ಸಲಕ್ಕೆ ಒಂದೂವರೆ ಗಂಟೆ ಉಳಿದರೆ ಪುಣ್ಯ. "ಮಗು ಮಲಗಿದಾಗ ಬರೀಬಹುದಲ್ಲ" ಅನ್ನುವವರು ಆ ಒಂದೂವರೆ ಗಂಟೆಯನ್ನು ಕಣ್ಣಾರೆ ಕಂಡವರಲ್ಲ. ಮಗು ಮಲಗಿದಾಗ ತಾಯಿಯೂ ಮಲಗಬೇಕು. ಆರು ತಿಂಗಳು ನೀವು ಕಥೆ ಬರೆಯದಿದ್ದರೆ ಕನ್ನಡ ಸಾಹಿತ್ಯಕ್ಕೆ ಏನೂ ಆಗುವುದಿಲ್ಲ. ಹಾಲು ಕುಡಿಸುವಾಗ ಒಂದು ಕೈ ಖಾಲಿ ಇರುತ್ತದಲ್ಲ, ಫೋನಿನ ರೆಕಾರ್ಡರಿಗೆ ಎರಡು ವಾಕ್ಯ ಹೇಳಿಡಿ. ಹೇಳಿದ್ದನ್ನು ತಾನೇ ಅಕ್ಷರ ಮಾಡಿಕೊಡುವ ವಾಯ್ಸ್ ಟೈಪಿಂಗ್ ಮಾತ್ರ ನಂಬಬೇಡಿ. ಕನ್ನಡವನ್ನೇನೋ ಸುಮಾರಾಗಿ ಹಿಡಿಯುತ್ತದೆ. ಪಾತ್ರವೊಂದು ಕೊಡಗಿನ ಮಾತುಗಳಾದ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಬಾಯಿ ತೆರೆಯಿತೋ, ಹತ್ತಿರದ ಯಾವುದೋ ಕನ್ನಡ ಪದ ತುರುಕಿ ಸುಮ್ಮನಾಗುತ್ತದೆ. ಸಾಲು ಎಲ್ಲಿ ಮುಗಿಯಿತೆಂಬುದೂ ತಿಳಿಯುವುದಿಲ್ಲ. ಮೂರು ತಿಂಗಳು ಬಿಟ್ಟು ಓದಿದರೆ ಬರೆದವರಿಗೇ ಅರ್ಥವಾಗದು. ಧ್ವನಿಯನ್ನೇ ಉಳಿಸಿಕೊಳ್ಳಿ, ಫೈಲಿಗೆ ತಾರೀಕಿನ ಬದಲು ಪಾತ್ರದ ಹೆಸರಿಡಿ.

ಮಗು ಅಂಗನವಾಡಿಗೋ ಶಾಲೆಗೋ ಹೊರಟ ಮೇಲೆ "ದಿನಾ 500 ಪದ ಬರೆಯಿರಿ" ಎಂಬ ಪೇಟೆಯ ಸಲಹೆ ಬರುತ್ತದೆ. ಕೊಡಗಿನ ವರ್ಷಕ್ಕೆ ಅದು ಹೊಂದುವುದಿಲ್ಲ. ನವೆಂಬರಿನಿಂದ ಅರೇಬಿಕಾ ಕಾಫಿಯ ಕುಯ್ಲು, ನಡುವೆ ಹುತ್ತರಿ ಹಬ್ಬ, ಜನವರಿಯಿಂದ ರೊಬಸ್ಟಾ, ಅದರ ಜೊತೆಗೇ ಕರಿಮೆಣಸು. ಸಂಜೆ ಹಣ್ಣಿನ ತೂಕ, ಕೆಲಸದವರ ಹೆಸರಿನ ಮುಂದೆ ಕಿಲೋ ಬರೆದುಕೊಳ್ಳುವುದು, ಕಣದಲ್ಲಿ ಹರಡಿದ ಕಾಫಿಯನ್ನು ಆಗಾಗ ಕೆದಕುವುದು, ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವುದು. ಹಾಗೆ ಹರಡಿದ ಹಣ್ಣು (ಚೆರಿ) ಒಣಗಲು ಎರಡು ವಾರವಾದರೂ ಬೇಕು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಪೈಪ್ ಬದಲಿಸುವ ಪಾಳಿ ರಾತ್ರಿಯೂ ಇರುತ್ತದೆ. ಏಪ್ರಿಲ್, ಮೇ ಅಂದರೆ ಶಾಲೆಗೆ ರಜೆ, ಮದುವೆಗಳು, ಕೌಟುಂಬಿಕ ಹಾಕಿ, ನೆಂಟರು. ಈ ಏಳು ತಿಂಗಳಲ್ಲಿ ಹೊಸ ಕಥೆ ಶುರು ಮಾಡಿದರೆ ಅದು ಸಾಯುತ್ತದೆ, ಜೊತೆಗೆ ಬರೆಯುವವಳಿಗೆ ತನ್ನ ಮೇಲಿರುವ ನಂಬಿಕೆಯನ್ನೂ ಸಾಯಿಸುತ್ತದೆ. ಟಿಪ್ಪಣಿ ಮಾತ್ರ ಮಾಡಿಕೊಳ್ಳಿ. ತೂಕದ ಪುಸ್ತಕದ ಕೊನೆಯ ಪುಟಗಳು ಅದಕ್ಕೆ ಚೆನ್ನಾಗಿ ಒದಗುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ.

ಬರೆಯುವ ಕಾಲ ಜೂನ್‌ನಿಂದ ಅಕ್ಟೋಬರ್. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಬಹುಪಾಲು ಈ ತಿಂಗಳುಗಳಲ್ಲೇ. ಕರೆಂಟ್ ಹೋದರೆ ಎರಡು ಮೂರು ದಿನ ಬಾರದೆ ಇರಬಹುದು, ಮದುವೆಗಳಿಲ್ಲ, ಬರುವವರೂ ಇಲ್ಲ. ತೊಂದರೆ ಒಂದೇ: ಮಳೆ ರಜೆ. ಜಿಲ್ಲಾಧಿಕಾರಿಗಳ ಆದೇಶ ಹಿಂದಿನ ರಾತ್ರಿಯೋ ಆವತ್ತು ಬೆಳಗ್ಗೆಯೋ ವಾಟ್ಸಾಪಿಗೆ ಬಂದು ಬೀಳುತ್ತದೆ, ಮಕ್ಕಳು ಕುಣಿಯುತ್ತಾರೆ, ನಿಮ್ಮ ಮುಂಜಾನೆ ಮುಗಿಯಿತು. ಆದ್ದರಿಂದ ಜುಲೈ, ಆಗಸ್ಟಿನಲ್ಲಿ ಶಾಲೆಯ ಹೊತ್ತನ್ನು ನೆಚ್ಚಿಕೊಂಡು ಯಾವ ಲೆಕ್ಕವನ್ನೂ ಹಾಕಬೇಡಿ. ಸಿಕ್ಕಿದ 20 ನಿಮಿಷಕ್ಕೆ ಲೆಕ್ಕ ಹಾಕಿ. ತಿಂಡಿಯ ಕಡುಬುಟ್ಟಿಗೆ ಒಂದು ಅಳತೆ ಅಕ್ಕಿ ತರಿಗೆ ಎರಡು ಅಳತೆ ನೀರು ಹಾಕಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟು ಮುಚ್ಚಿದ ಮೇಲೆ 20 ನಿಮಿಷ ಅದಕ್ಕೆ ನೀವು ಬೇಡ. ಅಷ್ಟರಲ್ಲಿ ಚಿಕ್ಕ ನೋಟ್‌ಬುಕ್ಕಿನ ಒಂದು ಪುಟ, ಸುಮಾರು 120 ಪದ. ಅಕ್ಕಿ ರೊಟ್ಟಿಯ ದಿನ, ನೂಪುಟ್ಟಿನ (ಒತ್ತುಶಾವಿಗೆಯ) ದಿನ ಇದು ನಡೆಯುವುದಿಲ್ಲ. ಅವು ಕೈಯನ್ನೂ ಕಣ್ಣನ್ನೂ ಎರಡನ್ನೂ ಕೇಳುತ್ತವೆ. ವಾರದ ತಿಂಡಿಪಟ್ಟಿ ಮಾಡುವಾಗ ಇದನ್ನು ನೆನಪಿಟ್ಟುಕೊಂಡರೆ ಯಾರಿಗೂ ಗೊತ್ತಾಗದಂತೆ ಮೂರು ಪುಟ ಹುಟ್ಟುತ್ತವೆ.

ನೋಡಿ, ಟೈಮಿನ ಉತ್ತರ ಇಷ್ಟೇ. ಇದಕ್ಕೆ ಇಷ್ಟು ಬೆರಗು ಯಾಕೆ? ಯಾರೂ ಕೇಳದ, ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ ಇದೆ: ಮೊನ್ನೆ ಅರ್ಧಕ್ಕೆ ಬಿಟ್ಟೆದ್ದ ಕಥೆಯನ್ನು ಇವತ್ತು ಎಲ್ಲಿಂದ ಹಿಡಿಯುತ್ತೀರಿ? ತಾಯಂದಿರ ಕಥೆಗಳು ಟೈಮಿಲ್ಲದೆ ಸಾಯುವುದಿಲ್ಲ, ಎಳೆ ತಪ್ಪಿ ಸಾಯುತ್ತವೆ. 20 ನಿಮಿಷ ಸಿಕ್ಕಿ, ಅದರಲ್ಲಿ 15 ನಿಮಿಷ "ಇವಳು ಈ ಮನೆಗೆ ಯಾಕೆ ಬಂದಿದ್ದಳು" ಎಂದು ಹುಡುಕುವುದರಲ್ಲೇ ಕಳೆದರೆ ಮೂರನೆಯ ದಿನ ನೋಟ್‌ಬುಕ್ ತೆರೆಯಲು ಮನಸ್ಸು ಬರುವುದಿಲ್ಲ.

ಅದಕ್ಕೆ ಮಾಡಬೇಕಾದ್ದು ಏಳುವ ಹೊತ್ತಿಗೆ, ಕೂರುವ ಹೊತ್ತಿಗಲ್ಲ. ಕೊನೆಯ ಎರಡು ನಿಮಿಷ ಕಥೆ ನಿಲ್ಲಿಸಿ, ಪುಟದ ಕೆಳಗೆ ಗೆರೆ ಎಳೆದು ಮೂರು ಸಾಲು ಬರೆಯಿರಿ. ಈಗ ಕೋಣೆಯಲ್ಲಿ ಯಾರಿದ್ದಾರೆ, ಎಲ್ಲಿ ನಿಂತಿದ್ದಾರೆ. ಅವರಲ್ಲಿ ಯಾರಿಗೆ ಏನು ಬೇಕು, ಯಾರು ಏನನ್ನು ಬಚ್ಚಿಡುತ್ತಿದ್ದಾರೆ. ಮುಂದಿನ ವಾಕ್ಯ ಯಾರದು. ಮೂರನೆಯದೇ ಮುಖ್ಯ, ಆ ವಾಕ್ಯದ ಮೊದಲ ಎರಡು ಪದ ಬರೆದು ಬಿಟ್ಟುಬಿಡಿ. ದೃಶ್ಯವನ್ನು ಮುಗಿಸಿ ಏಳುವ ಆಸೆ ಎಲ್ಲರಿಗೂ ಇರುತ್ತದೆ, ಮುಗಿಸಬೇಡಿ. ಮುಗಿದ ದೃಶ್ಯದ ನಂತರ ಹೊಸದನ್ನು ಶುರು ಮಾಡಲು ತಾಜಾ ತಲೆ ಬೇಕು, ಆ ತಲೆ ನಿಮಗೆ ನಾಳೆ ಇರುತ್ತದೆಂಬ ಭರವಸೆಯಿಲ್ಲ. ಮತ್ತೆ ಕೂತಾಗ ಮೊದಲಿನಿಂದ ಓದಬೇಡಿ. ಮೊದಲಿನಿಂದ ಓದಿದರೆ ತಿದ್ದಲು ಕೈ ಹೋಗುತ್ತದೆ, ಮೊದಲ ಪುಟ ಹತ್ತು ಸಲ ಮಿನುಗಿ ಹನ್ನೊಂದನೆಯ ಪುಟ ಹುಟ್ಟುವುದೇ ಇಲ್ಲ. ಕೊನೆಯ ಅರ್ಧ ಪುಟ ಮತ್ತು ಆ ಮೂರು ಸಾಲು ಓದಿ, ಮುಂದಕ್ಕೆ ಹೋಗಿ.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಾತ್ರಗಳ ಪಟ್ಟಿ ಇರಲಿ: ಹೆಸರು, ವಯಸ್ಸು, ಯಾರಿಗೆ ಯಾರು, ಯಾರನ್ನು ಏನೆಂದು ಕರೆಯುತ್ತಾರೆ. ತಿಂಗಳು ಕಳೆದರೆ ಬೋಜಮ್ಮ ಬೊಳ್ಳಮ್ಮ ಆಗಿರುತ್ತಾಳೆ, ಚಿಕ್ಕಮ್ಮ ಅತ್ತೆಯಾಗಿರುತ್ತಾಳೆ. ಕಥೆಯನ್ನೂ ಚಿಕ್ಕದಾಗಿ ಆಯ್ದುಕೊಳ್ಳಿ. ಮೂರು ಪಾತ್ರ, ಒಂದು ಮನೆ, ಎರಡು ದಿನದೊಳಗೆ ಮುಗಿಯುವ ಸಂಗತಿ. ಹಿರಿಯರ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ (ಇಡೀ ಮನೆತನದವರು) ಸೇರುವ ಕಥೆಯನ್ನು ಚೂರು ಚೂರಾಗಿ ಬರೆಯಲಾಗುವುದಿಲ್ಲ. ಅಷ್ಟು ಜನರನ್ನು ತಲೆಯಲ್ಲಿ ತುಂಬಿಕೊಳ್ಳುವಷ್ಟರಲ್ಲಿ ಕುಕ್ಕರ್ ಕೂಗಿರುತ್ತದೆ. ಮಕ್ಕಳು ಹಾಸ್ಟೆಲಿಗೆ ಹೋಗಲಿ, ಆಮೇಲೆ ಬರೆಯಿರಿ.

ಯಾವ ಚೂರಿಗೆ ಯಾವ ಕೆಲಸ ಎಂಬುದೂ ಇದೆ. ಸಂಭಾಷಣೆ 20 ನಿಮಿಷಕ್ಕೆ ಸರಿ. ಮೆಣಸಿನ ಗೊನೆ ಬಿಡಿಸುವಾಗ, ಬಟ್ಟೆ ಮಡಿಸುವಾಗ ಬಾಯೊಳಗೇ ಹೇಳಿಕೊಂಡು ಬಂದು ಬರೆದರೆ ಇನ್ನೂ ಬೇಗ. ಜಾಗದ ವರ್ಣನೆಗೆ 40 ನಿಮಿಷ. ಕೊನೆಯ ದೃಶ್ಯಕ್ಕೂ ತಿದ್ದುವುದಕ್ಕೂ ಮಾತ್ರ ಮುರಿಯದ ಮೂರು ಗಂಟೆ ಬೇಕೇ ಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬರೆಯಿರಿ ಎನ್ನುವವರು ಒಂದು ಮರೆಯುತ್ತಾರೆ: ಪಕ್ಕದಲ್ಲಿ ಅಮ್ಮನ ಬಿಸಿ ಇಲ್ಲವೆಂದರೆ ಐದು ವರ್ಷದೊಳಗಿನ ಮಗು ನಾಲ್ಕು ನಲವತ್ತಕ್ಕೆ ಎದ್ದು ಬಾಗಿಲಲ್ಲಿ ನಿಂತಿರುತ್ತದೆ. ರಾತ್ರಿ ಹತ್ತರ ಮೇಲೆ ಬರೆದರೆ ವಿಶೇಷಣಗಳು ಹೆಚ್ಚುತ್ತವೆ. ದಣಿದವರಿಗೆ ಎಲ್ಲವೂ ದುಃಖದಂತೆ ಕಾಣುತ್ತದೆ. ರಾತ್ರಿ ನಕಲು ಮಾಡಿ, ಹೊಸದು ಬೇಡ.

ಮಳೆಗಾಲದ ಕಾಗದ ಬೇರೆಯೇ ಪಾಡು. ತೇವ ಕುಡಿದ ಹಾಳೆಯ ಮೇಲೆ ಇಂಕ್ ಪೆನ್ ಹರಡುತ್ತದೆ, ಬಾಲ್‌ಪೆನ್ ಅಥವಾ ಪೆನ್ಸಿಲ್ ಇರಲಿ. ನೋಟ್‌ಬುಕ್ಕನ್ನು ಕಪಾಟಿನಲ್ಲಿಟ್ಟರೆ ಆಗಸ್ಟಿಗೆ ಬೂಸ್ಟು. ಒಲೆಯ ಮೇಲಿನ ಅಟ್ಟದ ಹತ್ತಿರ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬರೆದ ದಿನವೇ ಪುಟದ ಫೋಟೋ ತೆಗೆಯಿರಿ, ಮಗು ಅದರ ಮೇಲೆ ಆನೆ ಬರೆಯುವ ಮೊದಲು. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬರೆಯುವವರು ಗೂಗಲ್ ಡಾಕ್ಸ್‌ನಲ್ಲಿ ಆಫ್‌ಲೈನ್ ಆಯ್ಕೆಯನ್ನು ನೆಟ್‌ವರ್ಕ್ ಇರುವಾಗಲೇ ಹಾಕಿಟ್ಟಿರಬೇಕು. ಟವರ್ ಸತ್ತ ಮೇಲೆ ಅದನ್ನು ಹಾಕಲಾಗುವುದಿಲ್ಲ.

ಮನೆಯವರಿಗೆ "ನನಗೆ ಬರೆಯೋಕೆ ಟೈಮ್ ಬೇಕು" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಏನೂ ಬದಲಾಗುವುದಿಲ್ಲ. "ಮಂಗಳವಾರ, ಗುರುವಾರ ಸಂಜೆ ಏಳರಿಂದ ಏಳು ನಲವತ್ತು. ಹೋಂವರ್ಕ್ ನೀವು ನೋಡಿ" ಅನ್ನಿ. ದಿನ, ಗಂಟೆ, ಅವರು ಮಾಡಬೇಕಾದ ಕೆಲಸ, ಮೂರೂ ಹೇಳಬೇಕು. ಇನ್ನೊಂದು: ನೋಟ್‌ಬುಕ್ ಹಿಡಿದು ಕೂತ ಹೆಂಗಸು ಹಿರಿಯರ ಕಣ್ಣಿಗೆ ಸುಮ್ಮನೆ ಕೂತವಳು, ಲ್ಯಾಪ್‌ಟಾಪ್ ತೆರೆದು ಕೂತವಳು ಕೆಲಸದಲ್ಲಿರುವವಳು. ಬರೆಯುವುದು ನೋಟ್‌ಬುಕ್ಕಿನಲ್ಲೇ ಆದರೂ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಿರಲಿ.

"ಆ ಕಥೆಯ ಅತ್ತೆ ನಾನೇನಾ?" ಇದು ಬಂದೇ ಬರುತ್ತದೆ. ಸಣ್ಣ ಜಿಲ್ಲೆ, ಮನೆತನದ ಹೆಸರೊಂದು ಹೇಳಿದರೆ ಊರು, ತೋಟ, ಯಾರ ಮಗಳು, ಎಲ್ಲಿಗೆ ಕೊಟ್ಟದ್ದು ಎಲ್ಲ ಗೊತ್ತಾಗುತ್ತದೆ. ಕಥೆಯಲ್ಲಿ ಮನೆತನದ ಹೆಸರು ಬೇಡ. ಕಲ್ಪಿಸಿದ ಹೆಸರೂ ಎಲ್ಲೋ ಒಂದು ಕಡೆ ನಿಜವಾಗಿ ಇರುತ್ತದೆ. ವಿರಾಜಪೇಟೆಯ ಕಡೆ ಆದದ್ದನ್ನು ಸೋಮವಾರಪೇಟೆಗೆ ಕಳಿಸಿ, ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿ, ಹೆಂಗಸಿನ ಮಾತನ್ನು ಗಂಡಸಿನ ಬಾಯಿಗೆ ಹಾಕಿ. ಆಮೇಲೂ ಕೇಳಿದರೆ, ಕೇಳಿದವರು ತಮ್ಮನ್ನು ತಾವೇ ಗುರುತಿಸಿಕೊಂಡದ್ದು. ಅದಕ್ಕೆ ನಾನು ಹೊಣೆಯಲ್ಲ.

ಮುಂದಿನದ್ದು ಬೇಗ ಮುಗಿಯುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಟೈಪ್ ಮಾಡಲು ಶುರು ಮಾಡಿ, ಯೂನಿಕೋಡಿನಲ್ಲೇ. ಹಳೆಯ 'ನುಡಿ' ತಂತ್ರಾಂಶದ ಫೈಲನ್ನು ಯೂನಿಕೋಡಿಗೆ ಬದಲಾಯಿಸಿದರೆ ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಅವನ್ನು ಹುಡುಕುವುದರಲ್ಲೇ ಒಂದು ಸಂಜೆ ಹೋಗುತ್ತದೆ. ಪತ್ರಿಕೆ ಎಷ್ಟು ಪದ ಕೇಳಿದೆಯೋ ಅದಕ್ಕಿಂತ ನೂರು ಕಡಿಮೆ ಇರಲಿ. ದಸರಾ ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿ, ಆ ಮೂರು ಗಂಟೆ ಹಿಡಿದು ತಿದ್ದಿ, ಅರೇಬಿಕಾ ಕುಯ್ಲಿಗೆ ಆಳು ಬರುವ ಮೊದಲೇ ಕಳಿಸಿಬಿಡಿ. ನವೆಂಬರ್ ಎರಡನೇ ವಾರ ದಾಟಿತೋ, ಅದು ಮುಂದಿನ ಜೂನ್‌ಗೇ.