ನಿಸರ್ಗದ ಜೊತೆಗಿನ ನಂಟನ್ನು ಅಳೆಯೋಕೆ ಬರುತ್ತಾ?

ನಾನು ವಿಜಯಪುರದಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ನಿಸರ್ಗದ ಜೊತೆ ಜನರಿಗಿರುವ ನಂಟು ನನ್ನ ಆಸಕ್ತಿಯ ವಿಷಯ. ಹಾಗಂದ ಕೂಡಲೇ ಬರುವ ಪ್ರಶ್ನೆ ಒಂದೇ: "ಮನಸ್ಸಿನ್ಯಾಗಿಂದು ಹೆಂಗ ಅಳೀತೀರಿ ಸರ್?"

ಅಳೆಯಬಹುದು. ಬಹಳಷ್ಟು ಸಲ ಕೇಳಿಯೇ ಅಳೆಯುತ್ತೇವೆ.

ಎಲ್ಲಕ್ಕಿಂತ ಸರಳವಾದದ್ದು ಅಮೆರಿಕದ ಮನಃಶಾಸ್ತ್ರಜ್ಞ ವೆಸ್ಲಿ ಶುಲ್ಟ್ಸ್ ಅವರ ವಿಧಾನ. ಎರಡು ವೃತ್ತ. ಒಂದರಲ್ಲಿ 'ನಾನು', ಇನ್ನೊಂದರಲ್ಲಿ 'ನಿಸರ್ಗ'. ಇಂಥ 7 ಜೋಡಿ. ಮೊದಲ ಜೋಡಿಯಲ್ಲಿ ವೃತ್ತಗಳು ಬೇರೆ ಬೇರೆ, ಮುಂದೆ ಹೋದಂತೆ ಒಂದರೊಳಗೊಂದು ಸೇರುತ್ತವೆ. ನಿಮಗೆ ಹೊಂದುವ ಜೋಡಿಯನ್ನು ಬೆರಳಿಟ್ಟು ತೋರಿಸಿದರೆ ಸಾಕು. ಓದು ಬರದವರಿಗೂ ತೋರಿಸಿ ಕೇಳಬಹುದು ಅಂತ ನನಗೆ ಇದು ಬಹಳ ಇಷ್ಟ.

2004ರಲ್ಲಿ ಅಮೆರಿಕದವರೇ ಆದ ಮನಃಶಾಸ್ತ್ರಜ್ಞರು ಮೇಯರ್ ಮತ್ತು ಫ್ರಾಂಟ್ಸ್ ಈ ನಂಟಿನ ಬಗ್ಗೆ 14 ಹೇಳಿಕೆಗಳ ಪಟ್ಟಿ ತಂದರು. ಪ್ರತಿ ಹೇಳಿಕೆಯನ್ನು ಎಷ್ಟು ಒಪ್ಪುತ್ತೀರಿ ಅಂತ 1ರಿಂದ 5ರೊಳಗೆ ಹೇಳಬೇಕು. 2009ರಲ್ಲಿ ಕೆನಡಾದ ಎಲಿಜಬೆತ್ ನಿಸ್ಬೆಟ್ ಮತ್ತು ಜೊತೆಗಾರರು 21 ಹೇಳಿಕೆಗಳ ಇನ್ನೊಂದು ಪಟ್ಟಿ ಮಾಡಿದರು. ಆಮೇಲೆ ಅದನ್ನೇ 6ಕ್ಕೆ ಇಳಿಸಿದರು.

ಈ ಪಟ್ಟಿಗಳನ್ನು ನಮ್ಮ ಹೊಲಗಳಿಗೆ ಒಯ್ದಾಗ ತೊಡಕು ಶುರುವಾಗುತ್ತದೆ. ಆ 6ರಲ್ಲಿ ಒಂದು ಹೇಳಿಕೆ ಹೀಗಿದೆ: ರಜೆ ಕಳೆಯಲು ನನಗೆ ಇಷ್ಟವಾದ ಜಾಗ ಅಂದರೆ ಊರಿನಿಂದ ದೂರದ ಕಾಡು. ಬಸವನ ಬಾಗೇವಾಡಿ ಕಡೆಯ ಒಬ್ಬ ಅಜ್ಜಿಗೆ ಇದನ್ನು ಓದಿ ಹೇಳಿದೆ. "ಸೂಟಿ ಯಾವಾಗಪಾ ನಮಗ? ಎಮ್ಮಿ ಹಿಂಡೋರು ಯಾರು?" ಅಂದರು. ಕಡಿಮೆ ಅಂಕ ಬಿತ್ತು. ಆದರೆ ಮೋಡ ನೋಡಿ ಸಂಜೆಗೆ ಮಳೆ ಬರುತ್ತಾ ಇಲ್ವಾ ಅಂತ ಲೆಕ್ಕ ಹಾಕುವವರು ಅವರು. ಎಳ್ಳ ಅಮಾವಾಸ್ಯೆಗೆ ಜೋಳದ ಹೊಲದಲ್ಲಿ ಚರಗ (ಭೂತಾಯಿಗೆ ಕೊಡುವ ಎಡೆ) ಚೆಲ್ಲದೆ ತುತ್ತು ಮುಟ್ಟುವುದಿಲ್ಲ. ರಜೆಗೆ ಕಾಡಿಗೆ ಹೋಗುವ ಪಟ್ಟಣದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಹೇಳಿಕೆ ಇವರ ನಂಟನ್ನು ಹಿಡಿಯುವುದೇ ಇಲ್ಲ.

ಇದರ ಉಲ್ಟಾನೂ ಆಗುತ್ತದೆ. ಮೇಯರ್ ಪಟ್ಟಿಯಲ್ಲಿ 'ನಿಸರ್ಗ ಹೇಗೇ ಇರಲಿ, ನನ್ನ ಒಳಿತಿಗೂ ಅದಕ್ಕೂ ಸಂಬಂಧವಿಲ್ಲ' ಎಂಬ ಅರ್ಥದ ಹೇಳಿಕೆ ಇದೆ. ಇದನ್ನು ಒಪ್ಪದಿದ್ದರೆ ಜಾಸ್ತಿ ಅಂಕ. ಮಳೆ ನಂಬಿ ಎರೆ ಹೊಲ ಬಿತ್ತುವವರು ಯಾರು ಒಪ್ಪುತ್ತಾರೆ ಹೇಳಿ? ಆದರೆ ಅದು ಪ್ರೀತಿಯಿಂದ ಬಂದ ಉತ್ತರವೋ, ಹೊಟ್ಟೆಪಾಡಿನಿಂದ ಬಂದದ್ದೋ? ಅಂಕ ಅದನ್ನು ಹೇಳುವುದಿಲ್ಲ. ನನಗೆ ಈ ವ್ಯತ್ಯಾಸ ತುಂಬಾ ಮುಖ್ಯ ಅನ್ನಿಸುತ್ತದೆ. ಬೆಳೆ ಕೈಕೊಟ್ಟ ವರ್ಷ ಮಣ್ಣಿನ ಮೇಲೆ ಸಿಟ್ಟು ಬರುವುದೂ ಒಂದು ನಂಟೇ. ಈ ಎರಡು ಪಟ್ಟಿಗಳಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಅಳೆಯುವುದು ಯಾಕೆ? ನಂಟು ಗಟ್ಟಿ ಇರುವವರು ಸರಾಸರಿಯಲ್ಲಿ ಸ್ವಲ್ಪ ಜಾಸ್ತಿ ನೆಮ್ಮದಿಯಿಂದ ಇರುತ್ತಾರೆ, ಪರಿಸರವನ್ನು ಕಾಯುವ ಕೆಲಸದಲ್ಲೂ ಮುಂದಿರುತ್ತಾರೆ ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಶಾಲೆಯ ಮಕ್ಕಳನ್ನು ಆಲಮಟ್ಟಿ ಹಿನ್ನೀರಿಗೆ ಕರೆದೊಯ್ದು ಹಕ್ಕಿ ತೋರಿಸುತ್ತೇವೆ ಅಂದುಕೊಳ್ಳಿ. ಅದರಿಂದ ಏನಾದರೂ ಬದಲಾಯಿತಾ ಅಂತ ತಿಳಿಯಲು ಮೊದಲೂ ಆಮೇಲೂ ಕೇಳಲೇಬೇಕು. ಹೋಗದ ಮಕ್ಕಳನ್ನೂ ಕೇಳಬೇಕು. ಇಂಥ ಅಂಕ ಗುಂಪುಗಳನ್ನು ಹೋಲಿಸಲು ಸರಿ. ಒಬ್ಬ ಮನುಷ್ಯನಿಗೆ 'ನಿನಗೆ ನಂಟು ಕಡಿಮೆ' ಅಂತ ಹಣೆಪಟ್ಟಿ ಹಚ್ಚಲು ಅಲ್ಲ.

ನಮ್ಮ ಭಾಗಕ್ಕೆ ನಮ್ಮದೇ ಪ್ರಶ್ನೆಗಳು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಮಳೆ ತಡವಾದಾಗ ಬೆಳೆಯ ಚಿಂತೆ ಬಿಟ್ಟು ಇನ್ನೇನು ಅನ್ನಿಸುತ್ತದೆ? ಬದುವಿನ ಬೇವಿನ ಮರ ಕಡಿದರೆ ನೋವಾಗುತ್ತಾ? ಸುಮ್ನೆ ಪ್ರಶ್ನೆ ಬರೆದರೆ ಆಗಲಿಲ್ಲ. ಅದೇ ಜನರನ್ನು ಕೆಲವು ವಾರ ಬಿಟ್ಟು ಮತ್ತೆ ಕೇಳಬೇಕು, ಉತ್ತರ ಹೆಚ್ಚುಕಡಿಮೆ ಅದೇ ಬರಬೇಕು. ನೋವಾಗುತ್ತದೆ ಅಂದವರು ನಿಜಕ್ಕೂ ಮರ ಉಳಿಸಿಕೊಂಡಿದ್ದಾರಾ ಅಂತ ಬದುವಿಗೇ ಹೋಗಿ ನೋಡಬೇಕು.