ಹತ್ತು ಸಾವಿರ ಎಕರೆ ಹುಡುಗ, ಮೂರೂವರೆ ಎಕರೆ ಹುಡುಗ

ಶ್ರೀರಂಗಪಟ್ಟಣದ ಹತ್ತಿರ ರೈಲು ಸೇತುವೆ ಏರಿದ ಕೂಡಲೇ ನಮ್ಮ ಬೋಗಿಯವರೆಲ್ಲ ಕಾವೇರಿಗೆ ಕೈ ಮುಗಿಯುತ್ತಾರೆ. ಒಬ್ಬಿಬ್ಬರು ಚಿಲ್ಲರೆ ಎಸೆಯುತ್ತಾರೆ. ನಾನು ಆ ಹೊತ್ತಿಗೆ ಮೊಂಟಾನದಲ್ಲಿ ಇರುತ್ತೇನೆ.

ಬೆಳಿಗ್ಗೆ ಮೈಸೂರಿಂದ ಮಂಡ್ಯ, ಸಂಜೆ ವಾಪಸ್. ಆಡಿಟರ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹೋಗ್ತಾ ಬರ್ತಾ ಸಿಗುವ ಒಂದೂವರೆ ಗಂಟೆ ಮಾತ್ರ ಪೂರ್ತಿ ನನ್ನದು. ಆಗ ಫೋನಿನಲ್ಲಿ ಓದುವುದು ಒಂದೇ ಜಾತಿಯ ಪುಸ್ತಕ: ಅಮೆರಿಕದ ಪಶ್ಚಿಮದ ಕಡೆ, ಮೊಂಟಾನದಂಥ ರಾಜ್ಯಗಳಲ್ಲಿ, ದನ ಸಾಕುವ ಮನೆತನಗಳ ದೊಡ್ಡ ಜಮೀನುಗಳಲ್ಲಿ, ಅಂದರೆ ರಾಂಚುಗಳಲ್ಲಿ ನಡೆಯುವ ಪ್ರೇಮಕಥೆ. ಮುಖಪುಟದಲ್ಲಿ ಒಬ್ಬ ಗಂಡಸು ಇರುತ್ತಾನೆ. ತಲೆ ಮೇಲೆ ಹ್ಯಾಟು ಇರುತ್ತದೆ, ಷರ್ಟಿಗೆ ಗುಂಡಿ ಹಾಕುವುದು ಮಾತ್ರ ಮರೆತಿರುತ್ತಾನೆ. ಪಕ್ಕದವರು ಇಣುಕಿದರೆ ಫೋನ್ ಓರೆ ಮಾಡಿಕೊಳ್ಳುತ್ತೇನೆ. ನನಗೀಗ ನಲವತ್ತಾರು, ಮಗಳು ಪಿಯುಸಿ ಓದುತ್ತಿದ್ದಾಳೆ. ಮರ್ಯಾದೆ ಅಂತ ಒಂದಿದೆ ಅಲ್ವಾ?

ಚಟ ಹಳೆಯದು. ಮೈಸೂರಿಗೆ ಡಿಗ್ರಿ ಓದಲು ಬಂದಾಗ ಹಾಸ್ಟೆಲ್ ಹತ್ತಿರದ ಬಾಡಿಗೆ ಲೈಬ್ರರಿಯಲ್ಲಿ ಮಿಲ್ಸ್ ಅಂಡ್ ಬೂನ್ ಕಂಪನಿಯ ಪ್ರೇಮಕಥೆಗಳು ಸಿಗುತ್ತಿದ್ದವು. ಕನ್ನಡ ಮೀಡಿಯಂ ಹುಡುಗಿ ನಾನು. ಇಂಗ್ಲಿಷ್ ಕಲಿಯೋಕೆ ಅಂತ ಶುರು ಮಾಡಿದೆ, ಅಥವಾ ಹಾಗಂತ ಅಪ್ಪನಿಗೆ ಹೇಳಿದೆ. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಆ ಕಂಪನಿಯನ್ನು 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಕೊಂಡುಕೊಂಡಿತು. ಇದೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದಿದ್ದು ಇಷ್ಟೇ: ಹಡಗಿನ ಸಾಹುಕಾರರು, ಡಾಕ್ಟರುಗಳು, ಅರಮನೆಯವರು ಇರುವ ಪುಸ್ತಕಗಳ ನಡುವೆ ಅಪರೂಪಕ್ಕೆ ಒಂದು ದನದ ಕೊಟ್ಟಿಗೆ ಬರುತ್ತಿತ್ತು. ಅದು ಬಂದ ಕೂಡಲೇ ನನ್ನ ಓದು ಚುರುಕಾಗುತ್ತಿತ್ತು. ಹಡಗು ನಾನು ಕಂಡಿರಲಿಲ್ಲ. ಕೊಟ್ಟಿಗೆ ಕಂಡಿದ್ದೆ.

ಕಥೆ ಹೆಚ್ಚು ಕಡಿಮೆ ಒಂದೇ. ಅಜ್ಜ ಸತ್ತ ಅಂತ ಫೋನ್ ಬರುತ್ತದೆ. ಪಟ್ಟಣದಲ್ಲಿ ಒಳ್ಳೆ ಕೆಲಸದಲ್ಲಿರುವ ಮೊಮ್ಮಗಳು ಊರಿಗೆ ಬರುತ್ತಾಳೆ. ರಾಂಚಿನ ಮೇಲೆ ಬ್ಯಾಂಕ್ ಸಾಲ ಇದೆ. ರೆಸಾರ್ಟ್ ಕಟ್ಟುವವನೊಬ್ಬ ಕೊಳ್ಳಲು ಕಾದು ಕೂತಿದ್ದಾನೆ. ಅವಳಿಗೂ ಮಾರುವ ಮನಸ್ಸೇ. ಆದರೆ ಅಜ್ಜ ಉಯಿಲಿನಲ್ಲಿ ಒಂದು ಕೊಕ್ಕೆ ಇಟ್ಟಿರುತ್ತಾನೆ: ಒಂದು ವರ್ಷ ಇಲ್ಲೇ ಇರಬೇಕು, ಇಲ್ಲವೇ ಮದುವೆಯಾಗಬೇಕು. ಬೇಲಿಯ ಆಚೆಗೆ ಮಾತು ಕಮ್ಮಿ ಆಡುವ ಪಕ್ಕದ ರಾಂಚಿನವನು. ಮೊದಲು ಜಗಳ, ಆಮೇಲೆ ಹಿಮಗಾಳಿ. ಹಿಮಗಾಳಿಯಲ್ಲಿ ಇಬ್ಬರೂ ಒಂದೇ ಗುಡಿಸಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಮಂಚವೂ ಒಂದೇ. ಮುಂದಿನದು ಹೇಳಬೇಕಾಗಿಲ್ಲ. ಅವನಿಗೆ ಇಬ್ಬರು ತಮ್ಮಂದಿರು ಇದ್ದರೆ ಇನ್ನೆರಡು ಪುಸ್ತಕ ಗ್ಯಾರಂಟಿ. ಕೊನೆಗೆ ಇಬ್ಬರೂ ಒಂದಾಗಲೇಬೇಕು, ಅದು ಈ ಬಗೆಯ ಪುಸ್ತಕದ ಕಾನೂನು. ಒಂದಾಗದಿದ್ದರೆ ಅದನ್ನು ರೊಮಾನ್ಸ್ ಕಪಾಟಿನಲ್ಲಿ ಇಡೋದೇ ಇಲ್ಲ.

ನಾನು ಲೆಕ್ಕದವಳು. ಹಾಗಾಗಿ ಇಂಥ ಪುಸ್ತಕದಲ್ಲಿ ಮುತ್ತಿಗಿಂತ ಮೊದಲು ಸಾಲದ ಮೊತ್ತ ಹುಡುಕುತ್ತೇನೆ. ಎಷ್ಟು ಎಕರೆ, ಎಷ್ಟು ದನ, ಬಡ್ಡಿ ಎಷ್ಟು. ಒಳ್ಳೆಯ ಲೇಖಕಿ ಇದನ್ನೆಲ್ಲ ಸರಿಯಾಗಿ ಹೇಳುತ್ತಾಳೆ. ಎಕರೆ ಓದಿದ ಕೂಡಲೇ ಕೈ ತಾನಾಗಿಯೇ ಗುಂಟೆಗೆ ತಿರುಗಿಸುತ್ತದೆ. 1862ರಲ್ಲಿ ಅಮೆರಿಕದಲ್ಲಿ ಹೋಮ್‌ಸ್ಟೆಡ್ ಅಂತ ಒಂದು ಕಾಯ್ದೆ ಬಂತು. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಬೇಸಾಯ ಮಾಡಿದರೆ 160 ಎಕರೆ ನಿನ್ನದು ಅಂತ. ಅಂದರೆ 6,400 ಗುಂಟೆ. ಒಣ ಸೀಮೆಯಲ್ಲಿ ಅದೂ ಸಾಲದು ಅಂತಾಗಿ 1916ರಲ್ಲಿ ದನ ಸಾಕುವವರಿಗೆ 640 ಎಕರೆ ಮಾಡಿದರು. ಪುಸ್ತಕದ ಮುತ್ತಜ್ಜಂದಿರೆಲ್ಲ ಹೀಗೇ ಬಂದು ಬೇಲಿ ಹಾಕಿದವರು. ಅದಕ್ಕೂ ಮೊದಲು ಆ ನೆಲದಲ್ಲಿ ಇದ್ದವರು ಯಾರು ಅಂತ ಹೆಚ್ಚಿನ ಪುಸ್ತಕಗಳು ಬಾಯಿ ಬಿಡುವುದಿಲ್ಲ. ಕ್ರೋ, ಶಾಯೆನ್, ಬ್ಲ್ಯಾಕ್‌ಫೀಟ್ ಜನ ಹೊಳೆಯ ಹೆಸರಿನಲ್ಲೋ ಬೆಟ್ಟದ ಹೆಸರಿನಲ್ಲೋ ಉಳಿದಿರುತ್ತಾರೆ. ರಾಂಚ್, ಗೂಳಿ ಸವಾರಿಯ ಪಂದ್ಯಕ್ಕೆ ಹೇಳುವ ರೋಡಿಯೊ, ಈ ಪದಗಳೇ ಮೆಕ್ಸಿಕೋ ಕಡೆಯ ದನಗಾಹಿಗಳ ಸ್ಪ್ಯಾನಿಷ್‌ನಿಂದ ಬಂದವು. ಮುಖಪುಟದ ಗುಂಡಿ ಇಲ್ಲದವನು ಮಾತ್ರ ಯಾವಾಗಲೂ ಬಿಳಿಯನೇ.

ನಮ್ಮ ಅಜ್ಜನಿಗೆ ಪಾಂಡವಪುರದ ಹತ್ತಿರ ಹತ್ತೂವರೆ ಎಕರೆ ಇತ್ತು. ಉಯಿಲು ಬರೆಯಲಿಲ್ಲ, ಕೊಕ್ಕೆಯನ್ನೂ ಇಡಲಿಲ್ಲ. ಸುಮ್ನೆ ತೀರಿಕೊಂಡರು. ಮೂರು ಗಂಡುಮಕ್ಕಳಿಗೆ ಮೂರು ಪಾಲು. ಅಪ್ಪನಿಗೆ ಬಂದದ್ದು ಮೂರು ಎಕರೆ ಇಪ್ಪತ್ತು ಗುಂಟೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಾವರಿ. ಖಾತೆ ಆಗುವುದಕ್ಕೇ ವರ್ಷಗಳು ಹಿಡಿದವು. ರಾಂಚಿನ ಕಥೆಗಳಲ್ಲಿ ನನಗೆ ಹೊಟ್ಟೆಕಿಚ್ಚು ಬರುವುದು ಆ ಹುಡುಗನನ್ನು ನೋಡಿ ಅಲ್ಲ, ಈ ಒಂದು ವಿಷಯಕ್ಕೆ: ಅಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿದ್ದರೂ ನೆಲ ತುಂಡಾಗುವುದಿಲ್ಲ. ಮೂಲೆಗೊಬ್ಬೊಬ್ಬರು ಮರದ ಮನೆ ಕಟ್ಟಿಕೊಳ್ಳುತ್ತಾರೆ. ಜಮೀನನ್ನು ಕಂಪನಿ ಮಾಡಿ ಷೇರು ಹಂಚಿಕೊಳ್ಳುತ್ತಾರೆ. ತುಂಡು ಮಾಡಿದರೆ ದನ ಬದುಕುವುದಿಲ್ಲ. ಒಂದು ಹಸು ಕರುವಿಗೇ ವರ್ಷಕ್ಕೆ ಇಪ್ಪತ್ತು ಮೂವತ್ತು ಎಕರೆ ಹುಲ್ಲು ಬೇಕಾಗುವ ಸೀಮೆ ಅದು. ಅವರಿಗೆ ಹೆದರಿಕೆ ಆಸ್ತಿ ತೆರಿಗೆಯದು. ಯಜಮಾನ ಸತ್ತರೆ ಸರ್ಕಾರಕ್ಕೆ ಕಟ್ಟಬೇಕಲ್ಲ, ಅದು. ನಮ್ಮಲ್ಲಿ ಅಂಥ ತೆರಿಗೆ 1985ರ ಹೊತ್ತಿಗೇ ಹೋಯಿತು. ನಮ್ಮ ಹೊಲ ಹೋಳಾಗಲು ತೆರಿಗೆ ಯಾಕೆ, ಅಣ್ಣತಮ್ಮಂದಿರು ಸಾಕು.

ನನ್ನ ಪಾಲು? ಕರ್ನಾಟಕದಲ್ಲಿ 1994ರಿಂದಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ, ಇಡೀ ದೇಶಕ್ಕೆ 2005ರಲ್ಲಿ ಬಂತು. ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದೆ. ಮೂರೂವರೆಯಲ್ಲಿ ನಾನೂ ಕೈ ಇಟ್ಟರೆ ತಮ್ಮನಿಗೆ ಏನು ಉಳಿಯುತ್ತೆ? ಆ ದಿನ ಅಮ್ಮ ಮಡಿಲಿಗೆ ಅಕ್ಕಿ ತುಂಬಿ ಕಳಿಸಿದಳು. ನ್ಯಾಯವೋ ಅನ್ಯಾಯವೋ, ಅದರ ಲೆಕ್ಕ ಮಾತ್ರ ನಾನು ಇನ್ನೂ ಬರೆದಿಲ್ಲ.

ಎಲ್ಲ ರಾಂಚ್ ಪುಸ್ತಕದಲ್ಲೂ ಒಂದು ಕರು ಹುಟ್ಟುತ್ತದೆ. ಚಳಿಗಾಲದ ಕೊನೆ, ನಡುರಾತ್ರಿ, ಪಟ್ಟಣದ ಹುಡುಗಿ ಕೈಯಲ್ಲಿ ಟಾರ್ಚು. ಹಸು ಬಿದ್ದುಕೊಂಡಿದೆ. ಮುಂಗಾಲು ಎರಡು, ಅದರ ಮೇಲೆ ಮೂತಿ ಬಂದರೆ ಸರಿ. ಹಿಂಗಾಲು ಮೊದಲು ಬಂದರೆ ಕಷ್ಟ. ಪುಸ್ತಕದಲ್ಲಿ ಹಿಂಗಾಲೇ ಬರುತ್ತದೆ. ಹುಡುಗ ಕರುವಿನ ಕಾಲಿಗೆ ಸರಪಳಿ ಸುತ್ತಿ, ಹಸು ತಿಣುಕಿದಾಗ ಮಾತ್ರ ಎಳೆಯುತ್ತಾನೆ. ಈಚೆ ಬಿದ್ದ ಕರು ಉಸಿರಾಡುವುದಿಲ್ಲ. ಅವನು ಒಂದು ಹುಲ್ಲುಕಡ್ಡಿ ತಗೊಂಡು ಅದರ ಮೂಗಿನೊಳಗೆ ಆಡಿಸುತ್ತಾನೆ. ಕರು ಸೀನುತ್ತದೆ.

ಇದನ್ನು ಮೊದಲ ಸಲ ಓದಿದಾಗ ರೈಲು ಎಲಿಯೂರು ದಾಟುತ್ತಿತ್ತು. ನಾನು ಪುಸ್ತಕ ಮುಚ್ಚಿ ಕಿಟಕಿ ನೋಡುತ್ತಾ ಕೂತೆ. ಹುಲ್ಲುಕಡ್ಡಿ! ಅಪ್ಪ ಮಾಡುತ್ತಿದ್ದದ್ದೂ ಅದನ್ನೇ. ಸರಪಳಿ ಬದಲು ನಾರಿನ ಹಗ್ಗ, ಮೊಣಕೈವರೆಗೆ ಹರಳೆಣ್ಣೆ. ನನ್ನ ಕೆಲಸ ಲಾಟೀನು ಹಿಡಿಯುವುದು. ‘ಅತ್ತಿತ್ತ ಅಲ್ಲಾಡಿಸಬೇಡ ಕಣವ್ವ’ ಅನ್ನುತ್ತಿದ್ದರು. ಆ ಲೇಖಕಿ ಯಾರೋ, ಎಲ್ಲಿಯವಳೋ. ಆ ಕಡ್ಡಿಯನ್ನು ಎಲ್ಲೋ ಕಣ್ಣಾರೆ ಕಂಡೇ ಬರೆದಿದ್ದಾಳೆ ಅನ್ನಿಸಿತು. ಒಂದೇ ವ್ಯತ್ಯಾಸ. ಅಲ್ಲಿ ಮೊದಲ ಹಾಲು ಹೊಟ್ಟೆಗೆ ಬಿದ್ದರೆ ಕರು ಉಳಿಯುತ್ತದೆ ಅಂತ ಬಾಟಲಿ ಹಿಡಿದು ಒದ್ದಾಡುತ್ತಾರೆ. ನಮ್ಮಲ್ಲೂ ಮೊದಲು ಕರುವಿಗೇ. ಆದರೆ ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತೇವೆ. ಇಷ್ಟೊಂದು ಕರು ಹುಟ್ಟುವ ದೇಶದಲ್ಲಿ ಯಾರೂ ಗಿಣ್ಣು ತಿನ್ನುವುದಿಲ್ಲವಲ್ಲ ಅಂತ ನನಗೆ ಪ್ರತಿ ಸಲವೂ ಸಂಕಟ.

ಅಮ್ಮನಿಗೂ ಕಥೆ ಹೇಳುತ್ತಿರುತ್ತೇನೆ, ಮಂಚದ ಭಾಗ ಬಿಟ್ಟು. ಅವಳ ಮೊದಲ ಪ್ರಶ್ನೆ, ‘ಅಷ್ಟು ದನ ಮಡಗವ್ರಲ್ಲ, ಡೈರಿಗೆ ಎಷ್ಟು ಹಾಲು ಹಾಕ್ತಾರೆ?’

‘ಹಾಲು ಕರೆಯಲ್ಲಮ್ಮ. ಎಲ್ಲ ಕರುವಿಗೇ.’

‘ಮತ್ತೆ ದುಡ್ಡು?’

‘ಕರು ಮಾರ್ತಾರೆ.’

‘ಕೊಂಡ್ಕೊಂಡೋರು ಏನ್ ಮಾಡ್ತಾರೆ?’

ನಾನು ಒಲೆ ಮೇಲೆ ಹಾಲಿಟ್ಟಿದ್ದೇನೆ ಅಂತ ಫೋನ್ ಇಟ್ಟೆ. ಪುಸ್ತಕಗಳೂ ಇದನ್ನೇ ಮಾಡುತ್ತವೆ ಅನ್ನಿ. ಚಳಿ ಶುರುವಾಗುವ ಹೊತ್ತಿಗೆ ಕರುಗಳು ಲಾರಿ ಹತ್ತುತ್ತವೆ. ಮುಂದಿನ ಅಧ್ಯಾಯದಲ್ಲಿ ಮದುವೆ.

ಇನ್ನು ತಮ್ಮನ ವಿಷಯ. ಮೂವತ್ತೊಂಬತ್ತು ವರ್ಷ, ಡಿಪ್ಲೊಮಾ ಓದಿದ್ದಾನೆ. ಭತ್ತ, ಕಬ್ಬು, ಎರಡು ಸೀಮೆ ಹಸು, ಕಂತು ಕಟ್ಟುತ್ತಿರುವ ಒಂದು ಟ್ರ್ಯಾಕ್ಟರ್. ನೋಡಲು ಮುಖಪುಟದವನಿಗಿಂತ ಏನೂ ಕಮ್ಮಿ ಇಲ್ಲ, ಗುಂಡಿಯೂ ಸರಿಯಾಗಿ ಹಾಕಿಕೊಳ್ಳುತ್ತಾನೆ. ಮಾತು ಕಮ್ಮಿ. ಸಂಕ್ರಾಂತಿಯಲ್ಲಿ ಎತ್ತು ಹಿಡಿದು ಕಿಚ್ಚು ಹಾಯಿಸುತ್ತಿದ್ದವನು. ರೋಡಿಯೊದಲ್ಲಿ ಗೂಳಿ ಬೆನ್ನ ಮೇಲೆ ಎಂಟು ಸೆಕೆಂಡ್ ಕೂತವನಿಗೆ ಇಡೀ ಊರಿನ ಹುಡುಗಿಯರು ಬೀಳುತ್ತಾರೆ. ಇವನು ಬೆಂಕಿ ದಾಟಿದರೂ ಹನ್ನೊಂದು ಕಡೆಯಿಂದ ‘ಆಮೇಲೆ ಹೇಳ್ತೀವಿ’ ಅಂತ ಬಂದಿದೆ. ಹೋದ ತಿಂಗಳ ಮನೆಯವರು ನೇರವಾಗೇ ಕೇಳಿದರು, ‘ಬೆಂಗಳೂರಲ್ಲಿ ಸಣ್ಣದೊಂದು ಕೆಲಸ ನೋಡ್ಕೊಂಡ್ರೆ ಮಾತಾಡಬಹುದು.’ ಪುಸ್ತಕದಲ್ಲಿ ಹುಡುಗಿಯೇ ಪಟ್ಟಣ ಬಿಟ್ಟು ಬರುತ್ತಾಳೆ. ಇಲ್ಲಿ ಹೊಲ ಬಿಟ್ಟು ಬಾ ಅಂತ ಹುಡುಗನಿಗೆ ಹೇಳುತ್ತಾರೆ.

2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹುಡುಗರು ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು, ಹೆಣ್ಣು ಸಿಗಲಿ ಅಂತ ಮಾದಪ್ಪನಿಗೆ ಹರಕೆ ಹೊತ್ತು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಟೀವಿಯವರು ತೋರಿಸಿದ್ದೇ ತೋರಿಸಿದ್ದು. ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ರೈಲಿನಲ್ಲಿ ಫೋನ್ ತೆಗೆದರೆ ಹತ್ತು ಸಾವಿರ ಎಕರೆಯವನು ಹ್ಯಾಟು ತೆಗೆದು ನಿಂತಿದ್ದ. ಅವತ್ತು ಓದಲಾಗಲಿಲ್ಲ.

ಯಾಕೆಂದರೆ ನಾನೇ ಆ ಹನ್ನೊಂದು ಮನೆಗಳಲ್ಲಿ ಒಂದು. 2002ರಲ್ಲಿ ಮದ್ದೂರು ಕಡೆಯ ಒಬ್ಬರು ನನ್ನನ್ನು ನೋಡಲು ಬಂದಿದ್ದರು. ನಾಲ್ಕು ಎಕರೆ ಕಬ್ಬು, ಸ್ವಂತ ಆಲೆಮನೆ. ಅಚ್ಚು ಬೆಲ್ಲ ತಂದಿದ್ದರು, ಬಾಳೆಲೆಯಲ್ಲಿ ಸುತ್ತಿ. ತಲೆ ತಗ್ಗಿಸಿ ಕಾಫಿ ಕುಡಿದರು. ಅವರು ಹೋದ ಮೇಲೆ ನಾನು ಅಪ್ಪನಿಗೆ ಹೇಳಿದೆ, ‘ಸಗಣಿ ಎತ್ತೋಕೆ ಬಿಕಾಂ ಓದಿದ್ನಾ?’ ಅಮ್ಮ ಆಗ ತಾನೇ ಕೊಟ್ಟಿಗೆಯಿಂದ ಮಂಕರಿ ಹೊತ್ತು ಹೊರಗೆ ಬರುತ್ತಿದ್ದಳು. ನಿಂತಳು. ಏನೂ ಹೇಳದೆ ತಿಪ್ಪೆ ಕಡೆಗೆ ಹೋದಳು.

ಅದಕ್ಕೇ ಈ ಪುಸ್ತಕಗಳಲ್ಲಿ ಸಗಣಿ ಯಾರು ಎತ್ತುತ್ತಾರೆ ಅಂತ ನಾನು ಗಮನವಿಟ್ಟು ನೋಡುತ್ತೇನೆ. ಹುಡುಗಿ ಮೂರನೇ ಅಧ್ಯಾಯದಲ್ಲಿ ಒಮ್ಮೆ ಎತ್ತುತ್ತಾಳೆ, ಜಾರಿ ಬೀಳುತ್ತಾಳೆ, ಅವನು ನಗುತ್ತಾನೆ. ಅಲ್ಲಿಗೆ ಮುಗಿಯಿತು. ಮುಂದೆ ಆಳುಗಳು ನೋಡಿಕೊಳ್ಳುತ್ತಾರೆ. ಆಮೇಲೆ ಅವಳು ಊರಲ್ಲಿ ಬೇಕರಿ ತೆರೆಯುತ್ತಾಳೆ ಅಥವಾ ದನದ ಡಾಕ್ಟರಾಗಿರುತ್ತಾಳೆ. ಇನ್ನೂ ಮುಖ್ಯವಾದದ್ದು, ಹುಡುಗನ ತಾಯಿ ಬಹಳ ಪುಸ್ತಕಗಳಲ್ಲಿ ಮೊದಲೇ ತೀರಿಕೊಂಡಿರುತ್ತಾಳೆ. ಬೆಳಿಗ್ಗೆ ಐದಕ್ಕೆ ಎಬ್ಬಿಸುವವರಿಲ್ಲ, ಹನ್ನೆರಡು ಜನಕ್ಕೆ ಮುದ್ದೆ ತೊಳಸುವುದಿಲ್ಲ, ಕೈಗೆ ದುಡ್ಡು ಬೇಕಾದರೆ ಯಾರನ್ನೂ ಕೇಳಬೇಕಾಗಿಲ್ಲ. ಇಷ್ಟು ಕೊಟ್ಟರೆ ಮದ್ದೂರಿನವರಿಗೆ ನಾನೂ ಹೂಂ ಅಂತಿದ್ದೆನೋ ಏನೋ.

ತಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಹೋದ ವರ್ಷ ಹಾಲು ಕರೆಯುವ ಮೆಷಿನ್ ತಂದ. ಮುಂದಿನ ಸಲ ಯಾರಾದರೂ ನೋಡೋಕೆ ಬಂದರೆ ಮೊದಲು ಟ್ರ್ಯಾಕ್ಟರ್ ತೋರಿಸಬೇಡ, ಆ ಮೆಷಿನ್ ತೋರಿಸು ಅಂದಿದ್ದೇನೆ. ವಾಷಿಂಗ್ ಮೆಷಿನ್ನೂ ಹಜಾರದಲ್ಲೇ ಇಟ್ಟುಬಿಡಲಾ ಅಂತ ಕೇಳಿದ, ನಗದೆ.

ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಬರುತ್ತದೆ. ಕಾಯುತ್ತಾ ಕೂತವನು ನನಗೆ ಫೋನ್ ಮಾಡುತ್ತಾನೆ. ಮೊನ್ನೆ ಹನ್ನೊಂದೂವರೆ ಇರಬೇಕು, ಹಿಂದೆ ಕಪ್ಪೆಗಳ ಸದ್ದು. ನಾನು ಓದುತ್ತಿದ್ದ ಕಥೆ ಹೇಳಿದೆ. ಮೊಂಟಾನ ಅಂದ ಕೂಡಲೇ ಅಲ್ಲಿ ಮಳೆ ಎಷ್ಟು ಅಂದ. ಪೂರ್ವದ ಬಯಲಿನಲ್ಲಿ ನಮ್ಮಲ್ಲಿ ಬೀಳುವುದರ ಅರ್ಧ ಅಂದೆ. ‘ಅಯ್ಯೋ ಪಾಪ’ ಅಂದ, ಹತ್ತು ಸಾವಿರ ಎಕರೆಯವನಿಗೆ. ಆಮೇಲೆ ಬ್ಯಾಂಕಿನವರು ಬಂದದ್ದು, ಹುಲ್ಲಿಗೆ ಬೆಂಕಿ ಬಿದ್ದದ್ದು, ಹುಡುಗಿ ಸಿಟ್ಟು ಮಾಡಿಕೊಂಡು ವಾಪಸ್ ಹೋಗಲು ಟಿಕೆಟ್ ತೆಗೆಸಿದ್ದು ಎಲ್ಲ ಹೇಳಿದೆ. ಅವನು ಹೂಂಗುಟ್ಟುತ್ತಾ ಇದ್ದ.

‘ಟಿಕೆಟ್ ತಗೊಂಡು?’

‘ಏರ್‌ಪೋರ್ಟಿಗೆ ಹೊರಟಳು. ದಾರಿಯಲ್ಲಿ ಅವನ ಬೇಲಿ ಹತ್ತಿರ ಕಾರು ನಿಲ್ಲಿಸಿ…’

ಆ ಕಡೆ ಮೋಟರ್ ಗುಡುಗಿತು. ‘ಅಕ್ಕ, ಕರೆಂಟ್ ಬಂತು, ಮಡೆ ತಿರುಗಿಸಬೇಕು’ ಅಂದ. ಎರಡು ಹೆಜ್ಜೆ ನಡೆದ ಸದ್ದು. ಮತ್ತೆ ಫೋನ್ ಹತ್ತಿರಕ್ಕೆ ತಂದು, ಮೋಟರ್ ಸದ್ದಿನ ಮೇಲೆ ಕೂಗಿ ಕೇಳಿದ, ‘ಇಳಿದ್ಲಾ?’